ಹೈಬ್ರಿಡ್ ಕಾರಿಗೆ ಆಂಪ್ಲಿಫೈಯರ್: ಅಳವಡಿಸುವ ಮುನ್ನ ಅರಿಯಬೇಕಾದ ವಿದ್ಯುತ್ ಅಪಾಯಗಳು

ಕಾರ್ ಸ್ಟೀರಿಯೋ ಮಾರಾಟ ಹಾಗೂ ಅಳವಡಿಕೆಯಲ್ಲಿ ತೊಡಗಿರುವ ವರ್ತಕರ ಬಳಿಗೆ ಈಗ ಹೈಬ್ರಿಡ್ ಕಾರುಗಳೂ ಬರುತ್ತಿವೆ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮೂಲಕ ಮಾರುಕಟ್ಟೆಗೆ ಬಂದ ಈ ತಂತ್ರಜ್ಞಾನದ ಕಾರುಗಳು ಇಂದು ನಮ್ಮ ಬಿಡದಿಯಲ್ಲಿಯೇ ತಯಾರಾಗುತ್ತಿವೆ. ಸಾಮಾನ್ಯ ಕಾರುಗಳಲ್ಲಿ ಕೈಪಳಗಿದ ಕುಶಲಕರ್ಮಿಯೂ ಹಳೆಯ ಅಭ್ಯಾಸದಂತೆ ಇಲ್ಲಿ ಡ್ರಿಲ್ ಹಿಡಿದರೆ ಪ್ರಾಣಾಪಾಯ ಸಂಭವಿಸಬಹುದು.

ಎರಡು ಪ್ರತ್ಯೇಕ ವ್ಯವಸ್ಥೆಗಳು

ದೀಪ, ಸ್ಟೀರಿಯೋ ಹಾಗೂ ನಿಯಂತ್ರಣ ಘಟಕಗಳಿಗೆ 12 ವೋಲ್ಟಿನ ಬ್ಯಾಟರಿಯಿದ್ದರೆ, ಚಾಲನೆಯ ಮೋಟಾರಿಗೆ ಅಧಿಕ ವೋಲ್ಟೇಜಿನ ಪ್ರತ್ಯೇಕ ಬ್ಯಾಟರಿಯಿರುತ್ತದೆ. ಎರಡನೆಯ ತಲೆಮಾರಿನ ಪ್ರಿಯಸ್‌ನಲ್ಲಿ ಇದು 201.6 ವೋಲ್ಟ್, ಮೋಟಾರಿಗೆ ತಲುಪುವಾಗ 500 ವೋಲ್ಟಿನವರೆಗೂ ಏರುತ್ತದೆ. ಈ ತಂತಿಗಳನ್ನು ಕಿತ್ತಳೆ ಬಣ್ಣದಿಂದ ಗುರುತಿಸಬಹುದು. ಇದರ ಯಾವ ಧ್ರುವವೂ ಕಾರಿನ ಬಾಡಿಗೆ ಸಂಪರ್ಕ ಹೊಂದಿರುವುದಿಲ್ಲ. ಆಂಪ್ಲಿಫೈಯರ್ ಬಿಗಿಯುವ ಸ್ಕ್ರೂ ಈ ತಂತಿಯ ಹೊದಿಕೆಯನ್ನು ಸೀಳಿ ಒಂದು ಧ್ರುವವು ಬಾಡಿಗೆ ತಾಗಿದರೆ, ಆ ಕ್ಷಣದಲ್ಲಿ ಏನೂ ಆಗದಂತೆ ತೋರಬಹುದು. ಆದರೆ ರಕ್ಷಣೆ ಕಳೆದುಹೋಗಿರುತ್ತದೆ. ಅನಂತರ ಬಾಡಿಯ ಸಂಪರ್ಕದಲ್ಲಿದ್ದು ಇನ್ನೊಂದು ಧ್ರುವವನ್ನು ಮುಟ್ಟಿದವರಿಗೆ ಪೂರ್ಣ ವಿದ್ಯುತ್ ಆಘಾತವಾಗುತ್ತದೆ.

ಹೊರೆಯ ಲೆಕ್ಕ

ಪ್ರಿಯಸ್ ಮಾದರಿಯ ಕಾರುಗಳಲ್ಲಿ ಆಲ್ಟರ್ನೇಟರ್ ಇಲ್ಲ. ಡಿಸಿ-ಡಿಸಿ ಕನ್ವರ್ಟರ್ ಅಧಿಕ ವೋಲ್ಟೇಜನ್ನು ತಗ್ಗಿಸಿ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. 400 ವಾಟ್ ನೀಡುವ, ಶೇಕಡಾ 50ರಷ್ಟು ದಕ್ಷತೆಯ ಆಂಪ್ಲಿಫೈಯರ್ 800 ವಾಟ್ ಸೆಳೆಯುತ್ತದೆ, ಅಂದರೆ 13.5 ವೋಲ್ಟಿನಲ್ಲಿ ಸುಮಾರು 59 ಆಂಪಿಯರ್. ಕನ್ವರ್ಟರಿನ ಸಾಮರ್ಥ್ಯ ಸೀಮಿತವಾದುದರಿಂದ ದೀಪ, ಸ್ಟೀರಿಂಗ್ ಮುಂತಾದವುಗಳ ಪಾಲಿಗೆ ಕೊರತೆ ಬೀಳಬಹುದು. ಕಾರು ಚಾಲನಾ ಸ್ಥಿತಿಯಲ್ಲಿಲ್ಲದಾಗ ಸಂಗೀತ ಹಾಕಿದರೆ ಚಿಕ್ಕ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಆಗ ದೊಡ್ಡ ಬ್ಯಾಟರಿ ತುಂಬಿದ್ದರೂ ರಿಲೇಗಳು ಕೂಡಿಕೊಳ್ಳದೆ ಕಾರು ಹೊರಡುವುದಿಲ್ಲ.

ಅಳವಡಿಸುವವರು ಪಾಲಿಸತಕ್ಕ ಕ್ರಮಗಳು

1. ಎಂಜಿನ್ ನಿಶ್ಶಬ್ದವಾಗಿದ್ದ ಮಾತ್ರಕ್ಕೆ ಕಾರು ನಿಂತಿದೆಯೆಂದು ಭಾವಿಸಬಾರದು. ಕಾರನ್ನು ಪೂರ್ಣ ಆಫ್ ಮಾಡಿ, ಕೀಲಿಯನ್ನು ದೂರವಿರಿಸಿ, 12 ವೋಲ್ಟ್ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

2. ಕಿತ್ತಳೆ ತಂತಿಯ ಬಳಿ ರಂಧ್ರ ಕೊರೆಯಬಾರದು. ಅಲ್ಲಿ ಕೆಲಸ ಅನಿವಾರ್ಯವಾದರೆ ಅದನ್ನು ತರಬೇತಿ ಪಡೆದ, 1000 ವೋಲ್ಟ್ ದರ್ಜೆಯ ಕೈಗವಸುಳ್ಳ ತಂತ್ರಜ್ಞರಿಗೇ ವಹಿಸತಕ್ಕದ್ದು. ಸರ್ವಿಸ್ ಪ್ಲಗ್ ತೆಗೆದ ನಂತರವೂ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು ಕಾಯಲೇಬೇಕು.

3. ಆಂಪ್ಲಿಫೈಯರಿನ ತಂತಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲಿ. ಫ್ಯೂಸ್ ಕಾಪಾಡುವುದು ತಂತಿಯನ್ನು. ಆದುದರಿಂದ ತಂತಿ ತಾಳುವ ಪ್ರವಾಹಕ್ಕಿಂತ ಅದು ಹೆಚ್ಚಿನದಾಗಿರಬಾರದು.

4. ಹಿಂಬದಿ ಆಸನದ ಬಳಿಯ ಗಾಳಿಕಿಂಡಿಯನ್ನು ಸಬ್‌ವೂಫರ್ ಪೆಟ್ಟಿಗೆಯಿಂದ ಮುಚ್ಚಬಾರದು. ಪ್ರಿಯಸ್‌ನಂತಹ ಕಾರುಗಳಲ್ಲಿ ದೊಡ್ಡ ಬ್ಯಾಟರಿ ತಂಪಾಗುವುದು ಆ ಗಾಳಿಯಿಂದಲೇ.

5. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು. ಅವುಗಳಿಂದ ವಿದ್ಯುತ್ ಪಡೆಯಕೂಡದು.

ವರ್ತಕರ ಹೊಣೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನಕ್ಕೆ ಸಂಬಂಧಿಸಿದ ಸೇವೆ ನೀಡುವವರನ್ನೂ ದೋಷಪೂರಿತ ಸೇವೆಗೆ ಹೊಣೆಯಾಗಿಸುತ್ತದೆ. ಆದ ಕಾರಣ ಕೆಲಸಕ್ಕೆ ಮೊದಲು ವಾರಂಟಿ ಷರತ್ತುಗಳನ್ನು ಗ್ರಾಹಕರಿಗೆ ತಿಳಿಸಿ, ಹಾಕಿದ ತಂತಿ, ಫ್ಯೂಸ್ ಹಾಗೂ ಸಂಪರ್ಕದ ಜಾಗಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಪಡೆಯುವುದು ಕ್ಷೇಮ. ಅಂಗಡಿಯಲ್ಲಿ ಡ್ರಿಲ್ ಹಿಡಿಯುವವನು ಬಹುಪಾಲು ಕಿರಿಯ ಕೆಲಸಗಾರ. ಅವನಿಗೆ ಕಿತ್ತಳೆ ತಂತಿಯನ್ನು ತೋರಿಸಿ ತಿಳಿಹೇಳುವುದು ಮಾಲೀಕನ ಮೊದಲ ಕರ್ತವ್ಯ. ಸಂಶಯವಿದ್ದರೆ ಆ ಕೆಲಸವನ್ನು ನಿರಾಕರಿಸುವುದೂ ವ್ಯಾಪಾರದ ವಿವೇಕವೇ ಆಗಿದೆ.