ಗಂಡೋ ಹೆಣ್ಣೋ ಎಂಬ ಪ್ರಶ್ನೆ

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋಗಿರುವ ನನ್ನ ಆಪಾ ಈಗ ಮೂರನೇ ಸಲ ಬಸುರಿ. ಮೊದಲ ಎರಡೂ ಹೆಣ್ಣುಮಕ್ಕಳು. ಐದನೇ ತಿಂಗಳ ಸ್ಕ್ಯಾನಿಂಗ್‌ಗೆಂದು ಅವಳು ಕೊಪ್ಪಳಕ್ಕೆ ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಕುಷ್ಟಗಿ ಕಡೆಯ ಅಜ್ಜಿಯೊಬ್ಬರು ಆಪಾಳ ಹೊಟ್ಟೆ ನೋಡಿ, "ಮುಂದಕ್ಕ ಚೂಪ ಐತಿ ನೋಡವ್ವಾ, ಈ ಸಲ ಗಂಡ ಆಕ್ಕೈತಿ" ಅಂದರು. ಆಪಾಳ ಅತ್ತೆಯ ಮುಖ ಅರಳಿತು. ಒಳಗೆ ಹೋಗುವಾಗ ಅವರು ನನ್ನ ಕಿವಿಯಲ್ಲಿ, "ನೀನು ಓದಿದವಳು, ಡಾಕ್ಟರಮ್ಮನ್ನ ಮೆಲ್ಲಗೆ ಕೇಳು" ಎಂದರು.

ನಾನು ಕೇಳಲಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬೋರ್ಡ್ ಇತ್ತು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಆದರೆ ಬಸ್ಸಿನಲ್ಲಿ ಮರಳುವಾಗ ಆಪಾ ಕಿಟಕಿ ಕಡೆ ಮುಖ ಮಾಡಿ, "ಇದೂ ಹೆಣ್ಣಾದರೆ ನನ್ನ ತಪ್ಪು ಅಂತಾರೆ" ಎಂದಳು. ಅವಳಿಗೆ ಅವತ್ತು ನಾನು ಸರಿಯಾಗಿ ಹೇಳಲಾಗದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾಗಬಹುದು.

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದುತ್ತಿರುವವರಿಗೆ ಇದು ಗೊತ್ತಿರುವ ಪಾಠ. ಮನುಷ್ಯನ ಜೀವಕೋಶದಲ್ಲಿ 23 ಜೋಡಿ, ಅಂದರೆ 46 ಕ್ರೋಮೋಸೋಮುಗಳು. ಕೊನೆಯ ಜೋಡಿ ಹೆಣ್ಣಿನಲ್ಲಿ ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ತಾಯಿಯ ಅಂಡಾಣುವಿನಲ್ಲಿ ಇರುವುದು ಯಾವಾಗಲೂ ಎಕ್ಸ್ ಒಂದೇ. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್ ಹೊತ್ತಿರುತ್ತವೆ, ಅರ್ಧದಷ್ಟು ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಹೆನ್ಕಿಂಗ್ 1891ರಲ್ಲಿ ಕೀಟಗಳ ವೀರ್ಯಾಣು ನೋಡಿ ಎಕ್ಸ್ ಕಾಯವನ್ನು ಗುರುತಿಸಿದರು. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ 1905ರಲ್ಲಿ ಒಂದು ಜಾತಿಯ ಹಿಟ್ಟಿನ ಹುಳುವಿನಲ್ಲಿ ಗಂಡನ್ನು ತೀರ್ಮಾನಿಸುವ ಪುಟ್ಟ ಕ್ರೋಮೋಸೋಮನ್ನು ತೋರಿಸಿದರು. ಅಂದರೆ ಈ ಸಂಗತಿ ತಿಳಿದು ನೂರು ವರ್ಷ ದಾಟಿದೆ. ನಮ್ಮ ಊರಿನ ಕಟ್ಟೆಗೆ ಮಾತ್ರ ಇನ್ನೂ ಬಂದು ಮುಟ್ಟಿಲ್ಲ.

ತಾಯಿಯ ಬಳಿ ವೈ ಇಲ್ಲವೇ ಇಲ್ಲ. ಇಲ್ಲದ್ದನ್ನು ಅವಳು ಕೊಡುವುದು ಹೇಗೆ? ಹಾಗಂತ ನಮ್ಮ ದುಲ್ಹಾಭಾಯಿಯನ್ನು ಬೈಯುವುದೂ ಸರಿಯಲ್ಲ. ಯಾವ ವೀರ್ಯಾಣು ಮೊದಲು ತಲುಪುತ್ತದೆ ಎಂಬುದು ಅವರ ಕೈಯಲ್ಲೂ ಇಲ್ಲ.

ಮೊದಲ ಆರು ವಾರ ಎರಡೂ ಬಗೆಯ ಭ್ರೂಣದ ಅಂಗಗಳು ಒಂದೇ ತರಹ ಇರುತ್ತವೆ. ಆಮೇಲೆ ವೈ ಕ್ರೋಮೋಸೋಮಿನಲ್ಲಿರುವ ಎಸ್‌ಆರ್‌ವೈ ಎಂಬ ಜೀನ್ ಕೆಲಸ ಶುರು ಮಾಡಿದರೆ ವೃಷಣ ಬೆಳೆಯುತ್ತದೆ. ಲಂಡನ್ನಿನ ವಿಜ್ಞಾನಿಗಳು ಈ ಜೀನನ್ನು ಪತ್ತೆ ಹಚ್ಚಿದ್ದು 1990ರಲ್ಲಿ. ಇದಕ್ಕೂ ಹೊಟ್ಟೆಯ ಆಕಾರಕ್ಕೂ, ಹುಳಿ ತಿನ್ನುವ ಆಸೆಗೂ, ದಾರಕ್ಕೆ ಕಟ್ಟಿ ತೂಗುವ ಉಂಗುರಕ್ಕೂ ಏನೇನೂ ಸಂಬಂಧವಿಲ್ಲ. ಆ ಅಜ್ಜಿಯ ಮಾತು ಅರ್ಧದಷ್ಟು ಸಲ ನಿಜವಾಗುತ್ತದೆ. ನಾಣ್ಯ ಚಿಮ್ಮಿ ಹೇಳಿದರೂ ಅಷ್ಟೇ ಸಲ ನಿಜವಾಗುತ್ತದೆ.

ನಾಣ್ಯದ ಮಾತು ಬಂದಿದ್ದರಿಂದ ಒಂದು ಲೆಕ್ಕ. ಸತತ ಮೂರು ಹೆಣ್ಣಾಗುವ ಸಂಭವ ಸುಮಾರು ಎಂಟರಲ್ಲಿ ಒಂದು, ನಾಲ್ಕು ಹೆಣ್ಣಾಗುವುದು ಹದಿನಾರರಲ್ಲಿ ಒಂದು. ನಾಲ್ಕು ಮಕ್ಕಳಿರುವ 16 ಮನೆಗಳಿದ್ದರೆ ಒಂದು ಮನೆಯಲ್ಲಿ ನಾಲ್ಕೂ ಹೆಣ್ಣು ಇರುವುದು ಏನೂ ವಿಚಿತ್ರವಲ್ಲ. ಆದರೆ ಎರಡು ಹೆಣ್ಣಾದ ಮೇಲೆ "ಈಗ ಗಂಡಿನ ಪಾಳಿ" ಎನ್ನುವುದು ತಪ್ಪು. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಆಪಾಳ ಮೂರನೇ ಮಗುವಿಗೂ ಸಂಭವ ಹೆಚ್ಚುಕಡಿಮೆ ಅರ್ಧ.

ಇನ್ನು ಯಂತ್ರದ ವಿಷಯ. ಸ್ಕ್ಯಾನಿಂಗ್ ಎಂದರೆ ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮಾಡುವುದು. ಮಗುವಿನ ಹೃದಯ, ಬೆನ್ನುಮೂಳೆ, ಮಾಸು ಎಲ್ಲಿದೆ, ಅವಳಿಯೇ ಎಂಬುದೆಲ್ಲ ಗೊತ್ತಾಗುತ್ತದೆ. ಮಾಸು ಕೆಳಗಿದ್ದರೆ ಮೊದಲೇ ತಿಳಿದು ತಾಯಿಯ ಜೀವ ಉಳಿಯುತ್ತದೆ. ಅದೇ ಚಿತ್ರದಲ್ಲಿ ಲಿಂಗವೂ ಕಾಣಬಹುದು. ಗರ್ಭಜಲ ಪರೀಕ್ಷೆ ಬಂದದ್ದು ಮಗುವಿನ ರೋಗ ತಿಳಿಯಲಿಕ್ಕೆ. ನಮ್ಮ ದೇಶದಲ್ಲಿ 1970ರ ದಶಕದಿಂದ ಅದು ಹೆಣ್ಣನ್ನು ಹುಡುಕಿ ತೆಗೆಸುವ ದಾರಿಯೂ ಆಯಿತು. ಯಂತ್ರದ ತಪ್ಪೇನಿಲ್ಲ, ಎದುರಿಗೆ ನಿಂತು ಕೇಳುವವರ ಪ್ರಶ್ನೆಯದ್ದು ತಪ್ಪು.

ಇದನ್ನು ತಡೆಯಲು 1994ರಲ್ಲಿ ಕಾಯ್ದೆ ಬಂತು. 2003ರಲ್ಲಿ ಅದನ್ನು ಬಿಗಿ ಮಾಡಿದರು. ಪಿಸಿಪಿಎನ್‌ಡಿಟಿ ಎಂದು ಕರೆಯುವುದು ಇದನ್ನೇ. ಬಾಯಿಮಾತಿನಲ್ಲಿ ಮಾತ್ರವಲ್ಲ, ಸನ್ನೆಯಲ್ಲಿ ಅಥವಾ ಬೇರೆ ಯಾವ ರೀತಿಯಲ್ಲೂ ಲಿಂಗ ತಿಳಿಸುವಂತಿಲ್ಲ. ತಿಳಿಸಿದ ವೈದ್ಯರಿಗೆ ಮೊದಲ ಸಲ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಪತ್ತೆ ಮಾಡಿಸಲು ಹೋದ ಗಂಡನಿಗೆ, ಮನೆಯವರಿಗೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು. ಬೇರೆ ರೀತಿ ಸಾಬೀತಾಗುವವರೆಗೆ, ಗರ್ಭಿಣಿಯನ್ನು ಗಂಡ ಮತ್ತು ಬಂಧುಗಳೇ ಒತ್ತಾಯಿಸಿ ತಂದಿದ್ದಾರೆಂದು ನ್ಯಾಯಾಲಯ ಭಾವಿಸಬೇಕು. ಕಾಯ್ದೆ ಬರೆದವರು ನಮ್ಮ ಮನೆಗಳನ್ನು ಚೆನ್ನಾಗಿ ನೋಡಿದ್ದಾರೆ.

ಜನಗಣತಿಯ ಪ್ರಕಾರ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ದೇಶದಲ್ಲಿ 2001ರಲ್ಲಿ 927 ಹೆಣ್ಣುಮಕ್ಕಳಿದ್ದರು, 2011ರಲ್ಲಿ 919. ಯಾರೂ ಕೈ ಹಾಕದಿದ್ದರೆ ಹುಟ್ಟುವಾಗ ಸುಮಾರು 950 ಇರಬೇಕು. ಕರ್ನಾಟಕದ್ದು 2011ರಲ್ಲಿ 948, ನೋಡಲು ಚೆನ್ನಾಗಿಯೇ ಇದೆ. ಆದರೆ ರಾಜ್ಯದ ಸರಾಸರಿಯಲ್ಲಿ ಏನೆಲ್ಲ ಮುಚ್ಚಿಹೋಗಬಹುದು ಎಂಬುದು 2023ರ ಕೊನೆಯಲ್ಲಿ ಗೊತ್ತಾಯಿತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲ ಹಿಡಿದರು. ಮಂಡ್ಯ ಜಿಲ್ಲೆಯಲ್ಲಿ ಬೆಲ್ಲ ಮಾಡುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಹೇಳುತ್ತಿದ್ದರು, ಹೆಣ್ಣಾದರೆ ಗರ್ಭಪಾತಕ್ಕೆ ಕಳಿಸುತ್ತಿದ್ದರು ಎಂಬುದು ಆರೋಪ. ಸುಮಾರು 900 ಗರ್ಭಪಾತ ಎಂದು ಪತ್ರಿಕೆಗಳಲ್ಲಿ ಬಂತು. ಆಮೇಲೆ ತನಿಖೆಯನ್ನು ಸಿಐಡಿಗೆ ಕೊಟ್ಟರು. ಆ ಸುದ್ದಿ ಓದುವಾಗ ನನಗೆ ಮಂಡ್ಯ ದೂರದ ಊರು ಅನ್ನಿಸಿತ್ತು. ಸ್ಕ್ಯಾನಿಂಗ್ ಆಗಿ ಹದಿನೈದು ದಿನಕ್ಕೆ ಆಪಾಳ ಅತ್ತೆಗೆ ಯಾರೋ ಒಂದು ಫೋನ್ ನಂಬರ್ ಕೊಟ್ಟಿದ್ದಾರೆ ಎಂದು ತಿಳಿದಾಗ ಹಾಗನ್ನಿಸಲಿಲ್ಲ.

ಅಮ್ಮಿ ಅವತ್ತೇ ನನ್ನನ್ನು ಕರೆದುಕೊಂಡು ಆಪಾಳ ಮನೆಗೆ ಹೊರಟರು. ಊಟ ಆದ ಮೇಲೆ ನಾನು ಕ್ಯಾಲೆಂಡರಿನ ಹಿಂದೆ ಎಕ್ಸ್, ವೈ ಬರೆದು ತೋರಿಸಿದೆ. ಮನೆಮಾತು ಉರ್ದುವಿನಲ್ಲಿ ಕ್ರೋಮೋಸೋಮಿಗೆ ಏನನ್ನಬೇಕೋ ಹೊಳೆಯದೆ "ಬೀಜ" ಎಂದುಬಿಟ್ಟೆ. ಎಲ್ಲರಿಗೂ ಅರ್ಥವಾಯಿತು. ದುಲ್ಹಾಭಾಯಿ ಕಾಗದ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಹಾಗಾದರೆ ಇವಳದ್ದೇನೂ ಇಲ್ಲ" ಎಂದರು. ಅತ್ತೆ ಒಪ್ಪಲಿಲ್ಲ, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂದರು. ಆಗ ಅಮ್ಮಿ ಕೇಳಿದರು: "ನಿಮಗೆ ಮೊದಲು ಮೂರೂ ಹೆಣ್ಣೇ ಆದಾಗ ನಿಮ್ಮ ಅತ್ತೆ ಏನಂದಿದ್ದರು?" ಅವರು ಸುಮ್ಮನಾದರು. ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದ ಅರಬರ ಪದ್ಧತಿಯನ್ನು ಕುರ್‌ಆನಿನ ತಕ್ವೀರ್ ಸೂರಾ ಖಂಡಿಸುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಅಮ್ಮಿ ಎತ್ತಲೇ ಇಲ್ಲ, ಎತ್ತುವ ಅಗತ್ಯ ಬರಲಿಲ್ಲ.

ಆ ಫೋನ್ ನಂಬರಿನ ಚೀಟಿಯನ್ನು ದುಲ್ಹಾಭಾಯಿಯೇ ಒಲೆಗೆ ಹಾಕಿದರು. ಕೊಟ್ಟವರು ಯಾರೆಂದು ಅತ್ತೆ ಇನ್ನೂ ಹೇಳಿಲ್ಲ. ಅದು ಗೊತ್ತಾದರೆ ಕೊಪ್ಪಳದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಡಬೇಕೆಂದು ಅಬ್ಬಾ ಹೇಳುತ್ತಿದ್ದಾರೆ.

ಆಪಾಗೆ ಈಗ ಎಂಟು ತಿಂಗಳು ತುಂಬಿದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ನೋಡಿ ರಕ್ತ ಕಡಿಮೆ ಇದೆ, ಕಬ್ಬಿಣದ ಗುಳಿಗೆ ಬಿಡಬೇಡ ಎಂದಿದ್ದಾರೆ. ಹೆರಿಗೆಗೆ ಅವಳು ನಮ್ಮ ಮನೆಗೇ ಬರುತ್ತಾಳೆ.