ಮೆಣಸಿನಕಾಯಿಯ ಮೈಟ್ ನುಸಿ: ಡಬ್ಬಿ ಬದಲಾದರೆ ಸಾಲದು, ಗುಂಪು ಬದಲಾಗಬೇಕು

ರೋಣ ತಾಲ್ಲೂಕಿನ ಅಬ್ಬಿಗೇರಿಯಂತಹ ಎರೆಭೂಮಿಯ ಊರುಗಳಲ್ಲಿ ಔಷಧಿ ಅಂಗಡಿಯ ಉದ್ರಿ ವಸೂಲಾಗುವುದು ಸುಗ್ಗಿಯ ನಂತರವೇ. ಸಿಂಪಡಿಸಿದ ಔಷಧಿ ಫಲಿಸದೆ ಮೆಣಸಿನಕಾಯಿ ಬೆಳೆ ಕೈಕೊಟ್ಟರೆ ರೈತನ ನಷ್ಟದ ಜೊತೆಗೆ ವರ್ತಕನ ಬಾಕಿಯೂ ನಿಲ್ಲುತ್ತದೆ. ಆದುದರಿಂದ ನುಸಿಯ ನಿರೋಧಕ ಶಕ್ತಿಯು ವ್ಯಾಪಾರದ ವಿಷಯವೂ ಹೌದು.

ರೋಗಲಕ್ಷಣ: ಮೈಟ್ ನುಸಿಯಿಂದ ಎಲೆಗಳು ಕೆಳಮುಖವಾಗಿ ಮುದುಡುತ್ತವೆ, ಥ್ರಿಪ್ಸ್‌ನಿಂದಾದರೆ ಮೇಲ್ಮುಖವಾಗಿ. ಎರಡನ್ನೂ ಮುಟುರು ರೋಗವೆಂದೇ ಕರೆಯುವುದರಿಂದ ತಪ್ಪು ಔಷಧಿ ಮಾರಾಟವಾಗುವುದುಂಟು. ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳು ನುಸಿಯನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಂದು ನುಸಿಯನ್ನೇ ಹೆಚ್ಚಿಸಬಲ್ಲವು.

ನಿರೋಧಕತೆಯ ಲೆಕ್ಕ: ನುಸಿಯ ಒಂದು ಪೀಳಿಗೆಗೆ ಸುಮಾರು ಒಂದು ವಾರ ಸಾಕು. ಉದಾಹರಣೆಗೆ, 10,000 ನುಸಿಗಳಲ್ಲಿ 10 ಮಾತ್ರ ಔಷಧಿಗೆ ಬಗ್ಗದವು ಎಂದೂ, ಉಳಿದವುಗಳಲ್ಲಿ ಶೇ. 95 ಸಾಯುತ್ತವೆ ಎಂದೂ ಭಾವಿಸೋಣ. ಮೊದಲ ಸಿಂಪಡಣೆಯ ನಂತರ ಉಳಿದವುಗಳಲ್ಲಿ ಬಗ್ಗದವುಗಳ ಪಾಲು ಶೇ. 2. ಅದೇ ಔಷಧಿಯ ಎರಡನೆಯ ಸಿಂಪಡಣೆಗೆ ಶೇ. 29, ಮೂರನೆಯದಕ್ಕೆ ಶೇ. 89. ಇದು ಚಕ್ರಬಡ್ಡಿಯ ಲೆಕ್ಕಕ್ಕಿಂತಲೂ ವೇಗವಾದುದು.

ಗುಂಪಿನ ಮಹತ್ವ: ನುಸಿಯನ್ನು ಕೊಲ್ಲುವ ವಿಧಾನದ ಮೇರೆಗೆ ಔಷಧಿಗಳನ್ನು ಅಂತಾರಾಷ್ಟ್ರೀಯವಾಗಿ ಗುಂಪುಗಳಾಗಿ ವಿಂಗಡಿಸಲಾಗಿದೆ. ಫೆನಾಜಾಕ್ವಿನ್ ಮತ್ತು ಫೆನ್‌ಪೈರಾಕ್ಸಿಮೇಟ್ ಎರಡೂ 21ಎ ಗುಂಪಿನವು. ಒಂದರ ನಂತರ ಇನ್ನೊಂದನ್ನು ಕೊಟ್ಟರೆ ಡಬ್ಬಿ ಬದಲಾಯಿತೇ ಹೊರತು ಔಷಧಿ ಬದಲಾಗಲಿಲ್ಲ. ಪ್ರೊಪಾರ್ಗೈಟ್ 12ಸಿ, ಸ್ಪೈರೋಮೆಸಿಫೆನ್ 23ನೆಯ ಗುಂಪು; ಇವು ನಿಜವಾದ ಬದಲಾವಣೆಗಳು. ಹಳೆಯ ಡೈಕೋಫಾಲ್ ಭಾರತದಲ್ಲಿ 2023ರಲ್ಲಿ ನಿಷೇಧಗೊಂಡಿದ್ದು, ಆಯ್ಕೆಗಳು ಕಡಿಮೆಯಾಗುತ್ತಿವೆ.

ವರ್ತಕರು ಪಾಲಿಸಬೇಕಾದ ಕ್ರಮಗಳು:

1. ನುಸಿನಾಶಕಗಳನ್ನು ಕಂಪನಿವಾರು ಬದಲು ಗುಂಪುವಾರು ಜೋಡಿಸುವುದು.

2. ಬಿಲ್ಲಿನಲ್ಲಿ ವ್ಯಾಪಾರಿ ಹೆಸರಿನೊಂದಿಗೆ ತಾಂತ್ರಿಕ ಹೆಸರು ಹಾಗೂ ಗುಂಪಿನ ಸಂಖ್ಯೆಯನ್ನು ಬರೆಯುವುದು. ರೈತರು ಮರಳಿ ಬಂದಾಗ ಹಿಂದಿನ ಬಿಲ್ಲನ್ನು ನೋಡಿ ಬೇರೆ ಗುಂಪಿನ ಔಷಧಿ ಕೊಡುವುದು.

3. ಲೇಬಲ್ಲಿನಲ್ಲಿ ಮೆಣಸಿನಕಾಯಿಗೆ ಶಿಫಾರಸಾದ ಪ್ರಮಾಣವನ್ನೇ ತಿಳಿಸುವುದು. ಪ್ರಮಾಣ ಹೆಚ್ಚಿಸಿದರೆ ಖರ್ಚು ಹಾಗೂ ಕಾಯಿಯಲ್ಲಿನ ಔಷಧಿಯ ಶೇಷಾಂಶ ಹೆಚ್ಚುತ್ತವೆ. ಶೇಷಾಂಶ ಮಿತಿ ಮೀರಿದ ಮಾಲು ರಫ್ತಿನಲ್ಲಿ ತಿರಸ್ಕೃತವಾಗಬಹುದು.

4. ಸಿಂಪಡಣೆಯಿಂದ ಕೊಯ್ಲಿನವರೆಗೆ ಬಿಡಬೇಕಾದ ದಿನಗಳನ್ನು ರೈತರಿಗೆ ತಿಳಿಸುವುದು.

ಔಷಧಿಗೆ ಬಗ್ಗುವ ನುಸಿಯು ರೈತ ಹಾಗೂ ವರ್ತಕ ಇಬ್ಬರಿಗೂ ಸೇರಿದ ಬಂಡವಾಳ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಮಾರಿ ಗಳಿಸುವ ಲಾಭವು ಆ ಬಂಡವಾಳವನ್ನು ಕರಗಿಸಿ ಪಡೆದ ಲಾಭವೇ ಆಗಿರುತ್ತದೆ.