ರಾತ್ರಿಯೆಲ್ಲ ತಿರುಪು ತಿರುಗಿಸ್ತಾರೆ, ಹಾಡು ಮಾತ್ರ ಬರಲ್ಲ

ಅಕ್ಕ, ನಮ್ಮದು ಹನೂರು ಕಡೆ. ಯಜಮಾನ್ರು ಕೊಳ್ಳೇಗಾಲದಲ್ಲಿ ಮೊಬೈಲ್ ರಿಪೇರಿ ಕೆಲಸ ಮಾಡ್ತಾರೆ. ಜಾತ್ರೆ, ಮದುವೆ ಸೀಸನ್ನಿನಲ್ಲಿ ಯಳಂದೂರಿನ ಒಂದು ಆರ್ಕೆಸ್ಟ್ರಾದವರ ಜೊತೆ ಕೀಬೋರ್ಡ್ ನುಡಿಸೋಕೆ ಹೋಗ್ತಿದ್ರು. ಈಗ ಆ ಕೀಬೋರ್ಡನ್ನೇ ಮಾರಿ, ನಾನು ಎತ್ತಿದ್ದ ಚೀಟಿ ದುಡ್ಡನ್ನೂ ಸೇರಿಸಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕೊರ್ಗ್ ತಂದಿದ್ದಾರೆ. ಮೊದಲಿನದಕ್ಕಿಂತ ಚಿಕ್ಕದು. ಎರಡು ಬದಿಗೂ ಮರ, ಮೇಲೊಂದು ಬಗ್ಗುವ ಮೈಕು. ಸ್ಪೀಕರ್ ಇಲ್ಲ, ತಬಲ ಇಲ್ಲ. ರಾತ್ರಿ ಹನ್ನೊಂದಾದರೂ ಹೆಡ್‌ಫೋನ್ ಹಾಕ್ಕೊಂಡು, ಒಂದೇ ಮನೆ ಒತ್ತಿ ಹಿಡ್ಕೊಂಡು ತಿರುಪು ತಿರುಗಿಸ್ತಾ ಕೂತಿರ್ತಾರೆ. ಒಂದಿನ ಆಂಪ್ಲಿಫೈಯರ್‌ಗೆ ಹಾಕಿ ಆ ಮೈಕಿನಲ್ಲಿ ಮಾತಾಡಿದ್ರು. ಯಂತ್ರದ ದನಿ ಕೇಳಿ ಮಗಳು ಅತ್ತೇಬಿಟ್ಟಳು. ಎಷ್ಟು ಕೊಟ್ರಿ ಅಂದ್ರೆ ಬಾಯಿ ಬಿಡಲ್ಲ. ಮಾವ ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡೋರು. ಅವರೂ ಹೆಡ್‌ಫೋನ್ ಹಾಕಿಸ್ಕೊಂಡು ಕೇಳಿ ‘ಸುತಿ ಸರ್ಯಾಗಿ ಕೂತದೆ’ ಅಂದ್ರು. ಇವರಿಗೆ ತಲೆ ಕೆಟ್ಟಿದೆಯೋ, ನನಗೇ ಅರ್ಥವಾಗ್ತಿಲ್ಲವೋ? ಅದನ್ನ ಮಾರಿಸಿಬಿಡಲಾ?
– ಹೆಸರು ಬೇಡ, ಹನೂರು ತಾಲ್ಲೂಕು

ತಂಗಿ, ಯಾರ ತಲೆಯೂ ಕೆಟ್ಟಿಲ್ಲ. ಆದರೆ ನಿಮ್ಮ ಪತ್ರದಲ್ಲಿ ದುಡ್ಡಿನ ಜಗಳವೂ ಸದ್ದಿನ ಜಗಳವೂ ಒಂದರೊಳಗೊಂದು ಸಿಕ್ಕಿಕೊಂಡಿವೆ. ದುಡ್ಡಿನ ಮಾತಿಗೆ ಬಂದರೆ ನಾನು ಪೂರ್ತಿ ನಿಮ್ಮ ಕಡೆ. ಸದ್ದಿನ ಬಗ್ಗೆ ಸ್ವಲ್ಪ ಅವರ ಪರವಾಗಿಯೂ ಹೇಳುತ್ತೇನೆ, ಸಿಟ್ಟಾಗಬೇಡಿ.

ಮರದ ಬದಿ, ಚಿಕ್ಕ ಮನೆಗಳು, ಬಗ್ಗುವ ಮೈಕು ಅಂದಮೇಲೆ ಅದು ಮೈಕ್ರೊಕೊರ್ಗ್ ಇರಬೇಕು. 2002ರಲ್ಲಿ ಬಂದ ಮಾಡೆಲ್ಲು, ವರ್ಚುವಲ್ ಅನಲಾಗ್ ಸಿಂಥಸೈಜರ್ ಅನ್ನುತ್ತಾರೆ. 1970ರ ಮಿನಿಮೂಗ್‌ನಂಥ ಹಳೆಯ ವಾದ್ಯಗಳಲ್ಲಿ ಸರ್ಕ್ಯೂಟಿನೊಳಗಿನ ವಿದ್ಯುತ್ತಿನ ಏರಿಳಿತವೇ ನಾದವಾಗುತ್ತಿತ್ತು. ಆ ಸರ್ಕ್ಯೂಟು ಮಾಡುತ್ತಿದ್ದುದನ್ನು ಚಿಪ್ಪಿನಲ್ಲಿ ಲೆಕ್ಕ ಹಾಕಿ ಮಾಡುವ ವಾದ್ಯಗಳಿಗೆ ಈ ಹೆಸರು. 1995ರಲ್ಲಿ ಸ್ವೀಡನ್ನಿನ ಕ್ಲಾವಿಯಾ ಕಂಪನಿಯ ನಾರ್ಡ್ ಲೀಡ್ ಎಂಬ ಕೆಂಪು ಕೀಬೋರ್ಡ್ ಬಂದಮೇಲೆ ಈ ಹೆಸರು ಬಳಕೆಗೆ ಬಿತ್ತು.

ಆರ್ಕೆಸ್ಟ್ರಾ ಕೀಬೋರ್ಡಿನಲ್ಲಿ ಶೆಹನಾಯಿ, ಕೊಳಲು, ತಬಲ ಎಲ್ಲ ರೆಡಿ ಇರುತ್ತವೆ. ಗುಂಡಿ ಒತ್ತಿದರೆ ತಾಳ ಹೊರಡುತ್ತದೆ. ಇದರಲ್ಲೂ 128 ಸದ್ದುಗಳನ್ನು ಕಂಪನಿಯವರು ತುಂಬಿಸಿಯೇ ಕೊಟ್ಟಿದ್ದಾರೆ ಅನ್ನಿ. ಆದರೆ ಆರಿಸುವ ತಿರುಪಿನ ಸುತ್ತ ಬರೆದಿರುವುದು ಟ್ರಾನ್ಸ್, ಟೆಕ್ನೋ, ಹಿಪ್‌ಹಾಪ್. ನಮ್ಮ ಕಡೆಯ ಮದುವೆ ಆರತಕ್ಷತೆಯಲ್ಲಿ ಅವನ್ನು ಕೇಳುವವರು ಯಾರು? ಇಂಥ ವಾದ್ಯದ ರುಚಿ ಹತ್ತಿದವರು ಆ 128ನ್ನು ಬಿಟ್ಟು ತಮ್ಮ ಸದ್ದನ್ನು ತಾವೇ ಮಾಡಿಕೊಳ್ಳಲು ಕೂರುತ್ತಾರೆ. ನಿಮ್ಮವರು ಈಗ ಕೂತಿರುವುದು ಅದಕ್ಕೇ.

ಒಂದೇ ಮನೆ ಒತ್ತಿ ಹಿಡಿಯುವುದು ಏಕೆ ಅಂತ ಹೇಳುತ್ತೇನೆ. ಅದರೊಳಗೆ ಎರಡು ಆಸಿಲೇಟರ್‌ಗಳಿವೆ, ಅಂದರೆ ನಾದ ಹುಟ್ಟಿಸುವ ಎರಡು ಮೂಲಗಳು. ಒಂದನ್ನು ಸೆಕೆಂಡಿಗೆ 440 ಕಂಪನಕ್ಕೂ ಇನ್ನೊಂದನ್ನು 441ಕ್ಕೂ ಇಟ್ಟರೆ, ಎರಡೂ ಸೇರಿ ಸೆಕೆಂಡಿಗೊಮ್ಮೆ ಮೆಲ್ಲಗೆ ಉಬ್ಬಿ ಇಳಿಯುತ್ತವೆ. ಅಂತರ ಕೂದಲೆಳೆಯಷ್ಟು ಹೆಚ್ಚಿದರೂ ಅಲೆ ಬಿರುಸಾಗುತ್ತದೆ. ಆಮೇಲೆ ಫಿಲ್ಟರಿನ ತಿರುಪು: ಎಡಕ್ಕೆ ತಿರುಗಿಸಿದರೆ ದನಿ ಮಂಕಾಗುತ್ತದೆ, ಬಲಕ್ಕೆ ತಿರುಗಿಸಿದರೆ ಅರಳುತ್ತದೆ. ತಂಬೂರಿಯ ತಂತಿಗಳನ್ನು ಒಂದಕ್ಕೊಂದು ಕೂರಿಸುವಾಗ ನಿಮ್ಮ ಮಾವ ಕಿವಿಗೊಡುವುದೂ ಈ ಅಲೆಗೇ. ಚಿಕ್ಕಲ್ಲೂರು ಜಾತ್ರೆಯಲ್ಲಿ ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುವ ನೀಲಗಾರರಿಗೆ ಶ್ರುತಿ ಅಂದರೇನು ಅಂತ ಯಾರೂ ಕಲಿಸಬೇಕಿಲ್ಲ. ನಿಮ್ಮ ಮಾವನವರ ಮಾತನ್ನು ಮುದುಕರ ಮಾತು ಅಂತ ತಳ್ಳಿಹಾಕಬೇಡಿ.

ಯಜಮಾನರಿಗೆ ಒಂದು ಕೆಲಸ ಹಚ್ಚಿ. ‘ಮಾದಪ್ಪನ ಗುಡ್ಡರ ಕಂಸಾಳೆ ಸದ್ದು ತೆಗೀರಿ, ನೋಡೋಣ’ ಅನ್ನಿ. ಆ ಕೊರ್ಗಿನಲ್ಲಿ ರಿಂಗ್ ಮಾಡ್ಯುಲೇಷನ್ ಎಂಬ ಸೌಕರ್ಯವಿದೆ. ಎರಡು ನಾದಗಳ ಕಂಪನಗಳನ್ನು ಕೂಡಿದ ಮತ್ತು ಕಳೆದ ಹೊಸ ಕಂಪನಗಳು ಹುಟ್ಟುತ್ತವೆ. ಅವು ಶ್ರುತಿಗೆ ಹೊಂದದ ಕಾರಣ ಕಂಚು ಬಡಿದ ಹಾಗೆ ಕೇಳುತ್ತದೆ. ಅಸಲಿ ಕಂಸಾಳೆ ಬರಲಿಕ್ಕಿಲ್ಲ, ಹತ್ತಿರಕ್ಕೆ ಬಂದೀತು. ಮಗಳನ್ನೂ ಪಕ್ಕದಲ್ಲಿ ಕೂರಿಸಿ, ತಿರುಪನ್ನು ಅವಳ ಕೈಗೇ ಕೊಡಿಸಿ. ಮೈಕಿನಿಂದ ಬಂದ ಆ ಯಂತ್ರದ ದನಿಗೆ ವೋಕೋಡರ್ ಎಂದು ಹೆಸರು. ತಾನೇ ಮಾತಾಡಿ ನೋಡಿದರೆ ಹೆದರಿಕೆ ಹೋಗಿ ಅದೇ ಆಟವಾಗುತ್ತದೆ; ಆಮೇಲೆ ಮೈಕು ಬಿಡಿಸಿಕೊಳ್ಳುವುದೇ ಕಷ್ಟವಾದೀತು.

ಹಾಗಂತ ಇದರಿಂದ ಹೆಸರು, ಹಣ ಬಂದೀತು ಅಂತ ಕಾಯಬೇಡಿ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಸಿಂಥಸೈಜರುಗಳ ಮೇಲೆ ಹತ್ತು ರಾಗ ನುಡಿಸಿ, ಡಿಸ್ಕೋ ತಾಳ ಕೂಡಿಸಿ ಎಲ್‌ಪಿ ತಂದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಹೊರದೇಶದವರು ಕೊಂಡಾಡಿದರು. ಅಷ್ಟು ವರ್ಷ ನಿಮ್ಮ ಚೀಟಿಯವರು ಕಾಯುತ್ತಾರಾ?

ಈಗ ದುಡ್ಡು. ನಿಮ್ಮ ಚೀಟಿ ಹಣ ಹಾಕಿ ಬೆಲೆ ಮುಚ್ಚಿಟ್ಟದ್ದು ತಪ್ಪು, ಅದಕ್ಕೆ ಸಂಗೀತದ ನೆಪ ಬೇಡ. ಆದರೆ ಅವರು ಹೆಡ್‌ಫೋನ್ ಹಾಕಿಕೊಂಡಿರುವಾಗ ಈ ಮಾತು ಎತ್ತಬೇಡಿ. ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ, ಮಾವನವರನ್ನೂ ಕೂರಿಸಿಕೊಂಡು ಕೇಳಿ: ಎಷ್ಟಾಯಿತು, ಚೀಟಿ ಕಂತು ಎಷ್ಟು ಬಾಕಿ, ಯಾರು ಕಟ್ಟುವುದು? ಉತ್ತರವನ್ನು ಕ್ಯಾಲೆಂಡರಿನ ಹಿಂದೆ ಅವರ ಕೈಯಲ್ಲೇ ಬರೆಸಿ.

ಆರ್ಕೆಸ್ಟ್ರಾ ಕೆಲಸ ಬಿಡಿಸಬೇಡಿ. ಮೈಕ್ರೊಕೊರ್ಗ್ ಒಂದನ್ನೇ ನಂಬಿ ವೇದಿಕೆ ಹತ್ತಲಾಗದು: ಇರುವುದು 37 ಸಣ್ಣ ಮನೆಗಳು, ಒಟ್ಟಿಗೆ ನಾಲ್ಕು ಸ್ವರಕ್ಕಿಂತ ಹೆಚ್ಚು ನುಡಿಯದು. ಮುಂದಿನ ಸೀಸನ್ನಿಗೆ ತಂಡದವರಿಂದಲೋ ಗೆಳೆಯರಿಂದಲೋ ಒಂದು ಮಾಮೂಲಿ ಕೀಬೋರ್ಡನ್ನು ಬಾಡಿಗೆಗೆ ಕೇಳಲಿ. ಅದರಲ್ಲಿ ಮಿಡಿ ಔಟ್ ಇದ್ದರೆ ಒಂದು ಕೇಬಲ್ಲಿನಿಂದ ಕೊರ್ಗಿಗೆ ಜೋಡಿಸಿ, ದೊಡ್ಡ ಮನೆಗಳ ಮೇಲೆಯೇ ಇದರ ಸದ್ದು ನುಡಿಸಬಹುದು. ಹಳೆಯ ಡಿಸ್ಕೋ ಹಾಡುಗಳ ಬೇಸ್ ಲೈನಿಗೆ ಇದು ಜಬರ್ದಸ್ತಾಗಿ ಒದಗುತ್ತದೆ. ಕರೆಂಟು ಹೋದರೆ ಆರು ಪೆನ್ಸಿಲ್ ಸೆಲ್ ಸಾಕು.

ಶಿವರಾತ್ರಿ, ಯುಗಾದಿ ಜಾತ್ರೆ ಮುಗಿಯುವವರೆಗೆ ಮಾರಿಸಬೇಡಿ. ಅಷ್ಟರಲ್ಲಿ ಕಾರ್ಯಕ್ರಮದ ಸಂಪಾದನೆಯಿಂದ ಕಂತು ಕಟ್ಟುತ್ತಾ ಬಂದರೆ ವಾದ್ಯ ಮನೆಯಲ್ಲೇ ಇರಲಿ. ಕಟ್ಟದೆ ಬಾಕಿ ಬೆಳೆದರೆ ಮುಲಾಜಿಲ್ಲದೆ ಮಾರಿ. ಮಾರುವಾಗ ಅಡಾಪ್ಟರೂ ಆ ಬಗ್ಗುವ ಮೈಕೂ ಜೊತೆಗಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ.